ಹಳೆಯ ಕಾರಿನ ಗೇರ್ ಬಾಕ್ಸ್ ಆಯಿಲ್: ಬದಲಿಸಬೇಕೇ, ಮುಟ್ಟದೇ ಇರಬೇಕೇ?

ಪ್ರಥಮ ಪಿಯುಸಿಯಲ್ಲಿ ಪಾಸ್ಕಲ್ ನಿಯಮದ ಪಾಠ ಮುಗಿದ ದಿನ ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಇದು: “ಸರ್, ನಮ್ಮ ಮಾಮ ಸೌದಿ ಬಿಟ್ಟು ಊರಿಗೆ ಬಂದ ಮೇಲೆ ಒಂದು ಹಳೆಯ ಆಟೋಮ್ಯಾಟಿಕ್ ಕಾರು ತಗೊಂಡಿದ್ದಾರೆ. 1 ಲಕ್ಷ 60 ಸಾವಿರ ಕಿ.ಮೀ. ಓಡಿದೆ. ಗೇರ್ ಬಾಕ್ಸಿನ ಆಯಿಲ್ ಒಮ್ಮೆಯೂ ಬದಲಿಸಿಲ್ಲವಂತೆ. ಈಗ ಬದಲಿಸೋಣ ಅಂದರೆ ಗ್ಯಾರೇಜಿನವರು ‘ಅದನ್ನು ಮುಟ್ಟಬೇಡಿ, ಮುಟ್ಟಿದರೆ ಗೇರ್ ಬಾಕ್ಸೇ ಹೋಗ್ತದೆ’ ಅಂತಾರೆ. ಇದು ನಿಜವಾ?”

ತರಗತಿಯಲ್ಲಿ ಕೆಲವರು ನಕ್ಕರು. ಆದರೆ ನಗುವ ಪ್ರಶ್ನೆಯಲ್ಲ. ಅದೇ ಕಾರನ್ನು ಬಾಡಿಗೆಗೆ ಓಡಿಸಿ ಮನೆ ನಡೆಸಬೇಕೆಂಬ ಯೋಚನೆ ಅವರದು. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಕೆಟ್ಟು ಬಿಚ್ಚಿ ಕಟ್ಟಬೇಕಾಗಿ ಬಂದರೆ ಆಗುವ ಖರ್ಚು, ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಬಲ್ಲದು. ಅಲ್ಲದೆ ಈ ಒಂದು ಪ್ರಶ್ನೆಯಲ್ಲಿ ನಮ್ಮ ಪಠ್ಯದ ಪಾಸ್ಕಲ್ ನಿಯಮ, ಸ್ನಿಗ್ಧತೆ, ಘರ್ಷಣೆ, ಉಷ್ಣ ವ್ಯಾಕೋಚನ, ಗುಣೋತ್ತರ ಶ್ರೇಢಿ ಎಲ್ಲವೂ ಅಡಗಿವೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಒಂದು ಸ್ಪಷ್ಟನೆ. ಕ್ಲಚ್ ಪೆಡಲ್ ಇಲ್ಲದ ಕಾರುಗಳೆಲ್ಲ ಒಂದೇ ಜಾತಿಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ನಮ್ಮ ದೇಶದಲ್ಲಿ ಜನಪ್ರಿಯವಾದ ಎಎಂಟಿ ಗೇರ್ ಬಾಕ್ಸ್ ಒಳಗಿನಿಂದ ಸಾಮಾನ್ಯ ಮ್ಯಾನುವಲ್ ಗೇರ್ ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ಅದಕ್ಕೆ ಬೇಕಾದದ್ದು ಮ್ಯಾನುವಲ್ ಗೇರ್ ಆಯಿಲ್. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಅದಕ್ಕೆ ಬೇರೆಯದೇ ದ್ರವ. ಇಲ್ಲಿ ಹೇಳುತ್ತಿರುವುದು ಮೂರನೆಯದರ ಬಗ್ಗೆ, ಅಂದರೆ ಟಾರ್ಕ್ ಕನ್ವರ್ಟರ್ ಇರುವ ಹಳೆಯ ಮಾದರಿಯ ‘ನಿಜವಾದ’ ಆಟೋಮ್ಯಾಟಿಕ್. ಗಲ್ಫ್‌ನಲ್ಲಿ ಓಡುವ ಕಾರುಗಳಲ್ಲಿ ಬಹುಪಾಲು, ನಮ್ಮಲ್ಲಿ ಇನ್ನೋವಾ ಕ್ರಿಸ್ಟಾದ ಆಟೋಮ್ಯಾಟಿಕ್, ಹಳೆಯ ಹೋಂಡಾ, ಹ್ಯುಂಡೈ ಆಟೋಮ್ಯಾಟಿಕ್‌ಗಳು ಈ ಗುಂಪಿಗೆ ಸೇರಿದವು.

ಇದರೊಳಗಿನ ದ್ರವವನ್ನು ಮೆಕ್ಯಾನಿಕ್‌ಗಳು ಎಟಿಎಫ್ ಎನ್ನುತ್ತಾರೆ. ನಾವು ಬಾಯಿಮಾತಿಗೆ ಆಯಿಲ್ ಎನ್ನುತ್ತೇವಾದರೂ ಅದರ ಕೆಲಸ ಎಂಜಿನ್ ಆಯಿಲ್‌ನಂತೆ ಬರೀ ಜಾರಿಸುವುದಲ್ಲ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ದಾರಿಯಲ್ಲೇ ಈ ದ್ರವವಿದೆ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ರೆಕ್ಕೆಗಳು ದ್ರವವನ್ನು ಎದುರಿನ ಚಕ್ರದ ರೆಕ್ಕೆಗಳ ಮೇಲೆ ಎರಚುತ್ತವೆ, ಆ ಚಕ್ರ ತಿರುಗಿ ಗೇರ್ ಬಾಕ್ಸಿಗೆ ಶಕ್ತಿ ಕೊಡುತ್ತದೆ. ಒಂದು ಟೇಬಲ್ ಫ್ಯಾನಿನ ಎದುರು ಸ್ವಿಚ್ ಹಾಕದ ಇನ್ನೊಂದು ಫ್ಯಾನ್ ಇಟ್ಟರೆ ಗಾಳಿಗೆ ಅದೂ ತಿರುಗುತ್ತದಲ್ಲ, ಹಾಗೆ.

ಮುಂದೆ ಬರುವುದೇ ಪಾಸ್ಕಲ್ ನಿಯಮ. ಗೇರ್ ಬದಲಾಗುವುದು ಕ್ಲಚ್ ಪ್ಲೇಟುಗಳ ಕಟ್ಟನ್ನು ಪಿಸ್ಟನ್ನು ಒತ್ತಿ ಹಿಡಿಯುವುದರಿಂದ. ಒತ್ತುವುದು ಇದೇ ದ್ರವ. ಒತ್ತಡ 10 ಬಾರ್ ಇದ್ದು ಪಿಸ್ಟನ್ನಿನ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ ಬಲ ಎಷ್ಟು? 10 ಲಕ್ಷ ಪಾಸ್ಕಲ್ ಗುಣಿಸು 0.01 ಚದರ ಮೀಟರ್, ಅಂದರೆ 10,000 ನ್ಯೂಟನ್. ಸುಮಾರು ಒಂದು ಟನ್ ಭಾರ ಹೇರಿದ ಹಾಗೆ. ದ್ರವದಲ್ಲಿ ಗಾಳಿಯ ಗುಳ್ಳೆ ಸೇರಿದರೆ ಈ ಲೆಕ್ಕ ಕೆಟ್ಟಿತು. ಗಾಳಿ ಕುಗ್ಗುತ್ತದೆ, ದ್ರವ ಕುಗ್ಗುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶಾಖವನ್ನು ಹೊತ್ತೊಯ್ದು ಕೂಲರಿಗೆ ಮುಟ್ಟಿಸುವುದೂ, ಗೇರು ಬೇರಿಂಗುಗಳನ್ನು ಸವೆಯದಂತೆ ಕಾಯುವುದೂ ಇದರದೇ ಕೆಲಸ. ಆದರೆ ಎಲ್ಲಕ್ಕಿಂತ ನಾಜೂಕಿನ ಕೆಲಸ ಘರ್ಷಣೆಯನ್ನು ಹದದಲ್ಲಿಡುವುದು. ಗೇರು ಜಾರಬೇಕು, ಕ್ಲಚ್ ಹಿಡಿಯಬೇಕು, ಎರಡೂ ಮುಳುಗಿರುವುದು ಅದೇ ದ್ರವದಲ್ಲಿ! ಕಪ್ಪು ಹಲಗೆಯ ಮೇಲೆ ಬರೆಯುವಾಗ ಚಾಕ್‌ಪೀಸ್ ಕೆಲವೊಮ್ಮೆ ಕಿರ್ರೆಂದು ಕಿರುಚುತ್ತದೆ. ಯಾಕೆ? ಸ್ಥಾಯಿ ಘರ್ಷಣೆ ಚಲನ ಘರ್ಷಣೆಗಿಂತ ಹೆಚ್ಚು. ಹಾಗಾಗಿ ಚಾಕ್ ಅಂಟಿಕೊಳ್ಳುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಇದು ಸೆಕೆಂಡಿಗೆ ನೂರಾರು ಬಾರಿ ನಡೆದಾಗ ಕಿರುಚು. ಕ್ಲಚ್ ಪ್ಲೇಟುಗಳಲ್ಲಿ ಹೀಗೇ ಆದರೆ ಕಾರು ನಡುಗುತ್ತದೆ. ಇದನ್ನು ತಪ್ಪಿಸಲು ಎಟಿಎಫ್‌ಗೆ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಜಾರುವ ವೇಗ ಕಡಿಮೆಯಾಗುತ್ತ ಬಂದಾಗ ಘರ್ಷಣೆ ಏರಿಬಿಡದಂತೆ ಅವು ನೋಡಿಕೊಳ್ಳುತ್ತವೆ. ಒಂದು ಕಾಲದಲ್ಲಿ ಇದಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು! 1970ರ ದಶಕದ ಆರಂಭದಲ್ಲಿ ಅಮೆರಿಕ ಅದನ್ನು ನಿಷೇಧಿಸಿದ ಮೇಲೆ ರಸಾಯನವಿಜ್ಞಾನಿಗಳು ಬದಲಿ ಹುಡುಕಬೇಕಾಯಿತು.

ಇಷ್ಟು ಕೆಲಸ ಮಾಡುವ ದ್ರವ ಹಳತಾಗುವುದು ಹೇಗೆ? ಎಂಜಿನ್ ಆಯಿಲ್‌ನಂತೆ ಇದಕ್ಕೆ ಪೆಟ್ರೋಲಿನ ಮಸಿ ತಾಗುವುದಿಲ್ಲ. ಇದರ ದೊಡ್ಡ ಶತ್ರು ಬಿಸಿ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉತ್ಕರ್ಷಣದ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದಲ್ಲಿ ನೀವು ಕಲಿಯುವ ಸ್ಥೂಲ ನಿಯಮ. 80 ಡಿಗ್ರಿಯಲ್ಲಿ ಓಡಬೇಕಾದ ಗೇರ್ ಬಾಕ್ಸ್ 110 ಡಿಗ್ರಿಯಲ್ಲಿ ಓಡಿದರೆ ಎರಡರ ಮೂರನೆಯ ಘಾತ, ಅಂದರೆ ಎಂಟು ಪಟ್ಟು ವೇಗವಾಗಿ ದ್ರವ ಕೆಡುತ್ತದೆ. ಗಲ್ಫ್‌ನ ಬೇಸಿಗೆ, ತುಂಬಿದ ಗಾಡಿಯಲ್ಲಿ ಶಿರಾಡಿ ಘಾಟಿ ಹತ್ತುವುದು, ಪೇಟೆಯ ಟ್ರಾಫಿಕ್ಕಿನಲ್ಲಿ ತೆವಳುವುದು, ಇವೆಲ್ಲ ಇದೇ ಲೆಕ್ಕಕ್ಕೆ ಸೇರುತ್ತವೆ. ಜೊತೆಗೆ ಸ್ನಿಗ್ಧತೆ ಕಾಯುವ ಉದ್ದನೆಯ ಪಾಲಿಮರ್ ಸರಪಳಿಗಳು ಗೇರುಗಳ ನಡುವೆ ಸಿಕ್ಕಿ ತುಂಡಾಗುತ್ತವೆ. ಕ್ಲಚ್ಚಿನ ಪುಡಿ, ಲೋಹದ ಪುಡಿ ಬೆರೆಯುತ್ತವೆ. ಹಾಗಾಗಿ ಕಿ.ಮೀ. ಒಂದನ್ನೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಹೆದ್ದಾರಿಯಲ್ಲಿ ಒಂದೂವರೆ ಲಕ್ಷ ಓಡಿದ ಗಾಡಿಯ ದ್ರವ, ಪೇಟೆಯಲ್ಲಿ 70 ಸಾವಿರ ಓಡಿದ ಗಾಡಿಯದಕ್ಕಿಂತ ಚೆನ್ನಾಗಿರಬಹುದು.

ಕೆಲವು ಕಂಪನಿಗಳು ತಮ್ಮ ಗೇರ್ ಬಾಕ್ಸಿನ ದ್ರವ ‘ಜೀವಮಾನಕ್ಕೆ’ ಎನ್ನುತ್ತವೆ. ಯಾರ ಜೀವಮಾನ ಎಂದು ಕೇಳಬೇಕು! ಜರ್ಮನಿಯ ಝಡ್‌ಎಫ್ ಕಂಪನಿ ಹಲವು ದುಬಾರಿ ಕಾರುಗಳಿಗೆ ಗೇರ್ ಬಾಕ್ಸ್ ಮಾಡಿಕೊಡುತ್ತದೆ. ಆ ಕಾರುಗಳನ್ನು ಮಾರುವವರು ಆಯಿಲ್ ಬದಲಿಸುವುದೇ ಬೇಡ ಎಂದರೂ, ಗೇರ್ ಬಾಕ್ಸ್ ತಯಾರಿಸಿದ ಝಡ್‌ಎಫ್ ತಾನೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎಂದು ಸಲಹೆ ಕೊಡುತ್ತದೆ. ನನಗೆ ಮಾಡಿದವರ ಮಾತೇ ಹೆಚ್ಚು ಎನಿಸುತ್ತದೆ.

‘ಮುಟ್ಟಿದರೆ ಹೋಗ್ತದೆ’ ಎಂಬ ಮಾತು

ಈಗ ಆ ಗ್ಯಾರೇಜಿನವರ ಮಾತಿಗೆ ಬರೋಣ. ಅವರು ಸುಳ್ಳು ಹೇಳುತ್ತಿಲ್ಲ. ಹಳೆಯ ಗಾಡಿಯ ಆಯಿಲ್ ಬದಲಿಸಿದ ವಾರದಲ್ಲೇ ಗೇರ್ ಬಾಕ್ಸ್ ಕೈಕೊಟ್ಟದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಆದರೆ ಕಂಡದ್ದಕ್ಕೂ ಅದರಿಂದ ತೆಗೆದ ತೀರ್ಮಾನಕ್ಕೂ ನಡುವೆ ಒಂದು ಹೆಜ್ಜೆ ತಪ್ಪಿದೆ.

ಒಂದೂವರೆ ಲಕ್ಷ ಕಿ.ಮೀ.ವರೆಗೆ ಆಯಿಲ್ ಬದಲಿಸದ ಮಾಲೀಕ ಇದ್ದಕ್ಕಿದ್ದಂತೆ ಯಾಕೆ ಬದಲಿಸಲು ಬರುತ್ತಾನೆ? ಬಹಳ ಸಲ, ಗೇರ್ ಜಾರಲು ಶುರುವಾಗಿರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಗುಂಯ್ ಎನ್ನುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅಂದರೆ ಕ್ಲಚ್ ಪ್ಲೇಟು ಆಗಲೇ ಸುಟ್ಟು ಸವೆದಿದೆ. ಆಯಿಲ್ ಬದಲಿಸಿದರೂ ಅದು ಸಾಯುತ್ತದೆ, ಬದಲಿಸದಿದ್ದರೂ ಸಾಯುತ್ತದೆ. ಕೊನೆಯ ಗಳಿಗೆಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ದು, ಆಸ್ಪತ್ರೆಗೆ ಹೋದದ್ದಕ್ಕೇ ತೀರಿಕೊಂಡರು ಎಂದ ಹಾಗಾಯಿತು. ಒಂದರ ನಂತರ ಇನ್ನೊಂದು ನಡೆದರೆ ಮೊದಲಿನದೇ ಕಾರಣವಾಗಬೇಕಿಲ್ಲ. ಚೆನ್ನಾಗಿರುವಾಗಲೇ ಬದಲಿಸಿಕೊಂಡು ಸುಮ್ಮನೆ ಓಡಿಸುತ್ತಿರುವವರ ಗಾಡಿ ಮತ್ತೆ ಗ್ಯಾರೇಜಿನ ಕಣ್ಣಿಗೆ ಬೀಳುವುದೂ ಇಲ್ಲ, ಅವರ ಕತೆ ಯಾರೂ ಹೇಳುವುದೂ ಇಲ್ಲ.

ಹಾಗೆಂದು ಆ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಹೊಸ ದ್ರವದಲ್ಲಿ ಕೊಳೆ ಬಿಡಿಸುವ ರಾಸಾಯನಿಕಗಳು ತಾಜಾ ಇರುತ್ತವೆ. ವರ್ಷಗಟ್ಟಲೆ ಅಂಟಿ ಕೂತ ಕಿಟ್ಟವನ್ನು ಅವು ಕಿತ್ತು ತಂದರೆ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಅದು ಸಿಕ್ಕಿಕೊಳ್ಳಬಹುದು. ಒತ್ತಡ ಹಾಕಿ ದ್ರಾವಕ ಹರಿಸಿ ತೊಳೆದರಂತೂ ಈ ಅಪಾಯ ಜಾಸ್ತಿ. ತಪ್ಪು ದ್ರವ ಹಾಕಿದರೆ, ಅಳತೆ ತಪ್ಪಿದರೆ ಕೂಡ ಚೆನ್ನಾಗಿದ್ದ ಗೇರ್ ಬಾಕ್ಸ್ ಕೆಡುತ್ತದೆ. ದೂರು ಆಗಲೂ ‘ಆಯಿಲ್ ಬದಲಿಸಿದ್ದಕ್ಕೆ’ ಎಂದೇ ಬರುತ್ತದೆ. ಇನ್ನೊಂದು ವಿಷಯವನ್ನೂ ಹೇಳಬೇಕು. ಮುಟ್ಟುವುದಿಲ್ಲ ಎನ್ನುವ ಮೆಕ್ಯಾನಿಕ್ ಅಜ್ಞಾನಿಯೆಂದು ತಿಳಿಯಬೇಡಿ. ನಾಳೆ ಗಾಡಿ ನಿಂತರೆ ಜಗಳ ಬರುವುದು ಅವರ ಅಂಗಡಿಯ ಮುಂದೆ. ಕೆಲಸಕ್ಕೆ ಮೊದಲೇ ಗಾಡಿಯ ಸ್ಥಿತಿಯನ್ನು ಇಬ್ಬರೂ ಸೇರಿ ಓಡಿಸಿ ನೋಡಿ, ಕಂಡದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಆ ಓಡಿಸಿ ನೋಡುವುದೇ ಪರೀಕ್ಷೆ. ಗಾಡಿ ನಿಂತಿರುವಾಗ ಬ್ರೇಕ್ ಒತ್ತಿ ‘ಡಿ’ಗೆ, ಆಮೇಲೆ ‘ಆರ್’ಗೆ ಹಾಕಿ. ಒಂದೆರಡು ಸೆಕೆಂಡಿನಲ್ಲಿ ಗೇರ್ ಹಿಡಿಯಬೇಕು. ತಡವಾಗಿ ಧಡಕ್ಕೆಂದು ಬಡಿದರೆ ಸಂಶಯಪಡಿ. ರಸ್ತೆಯಲ್ಲಿ ಎಂಜಿನ್ ವೇಗ ಏರಿ ಗಾಡಿಯ ವೇಗ ಏರದಿದ್ದರೆ ಅದು ಜಾರುವಿಕೆ, ದುರಸ್ತಿಗೆ ಬಂದ ಗೇರ್ ಬಾಕ್ಸ್. ಆಯಿಲ್ ಅದಕ್ಕೆ ಮದ್ದಲ್ಲ. ಅದೇ, ಹದವಾದ ವೇಗದಲ್ಲಿ ಹಗುರಾಗಿ ಆಕ್ಸಿಲರೇಟರ್ ಹಿಡಿದಾಗ ಮಾತ್ರ ಏರಿಳಿತದ ಪಟ್ಟಿಗಳ ಮೇಲೆ ಓಡಿದಂತೆ ಗಾಡಿ ನಡುಗಿದರೆ, ಅದು ಆಗಲೇ ಹೇಳಿದ ಚಾಕ್‌ಪೀಸಿನ ಕಾಯಿಲೆ. ಟಾರ್ಕ್ ಕನ್ವರ್ಟರಿನ ಲಾಕ್ ಕ್ಲಚ್ ಅಂಟಿ ಜಾರುತ್ತಿದೆ. ಇದು ಹೊಸ ದ್ರವದಿಂದ ಎಷ್ಟೋ ಸಲ ಗುಣವಾಗುತ್ತದೆ.

ಸ್ವಲ್ಪ ದ್ರವವನ್ನು ಬಿಳಿ ಕಾಗದದ ಮೇಲೆ ಬಿಟ್ಟು ನೋಡಿ. ಕಂದು ಬಣ್ಣ ವಯಸ್ಸಿನ ಗುರುತು, ಅದಕ್ಕೆ ಗಾಬರಿ ಬೇಡ. ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಕ್ಲಚ್ ಬೆಂದಿದೆ. ಗುಲಾಬಿ ಹಾಲಿನಂತೆ ಕದಡಿದ್ದರೆ ರೇಡಿಯೇಟರಿನ ನೀರು ಸೇರಿದೆ, ಆಗ ಗಾಡಿಯನ್ನು ಓಡಿಸಲೇಬಾರದು. ಪ್ಯಾನ್ ಬಿಚ್ಚಿದಾಗ ಅದರೊಳಗಿನ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆ ಕೆಸರು ಇರುವುದು ಸಹಜ. ಹೊಳೆಯುವ ಲೋಹದ ಚೂರುಗಳಿದ್ದರೆ ಸಹಜವಲ್ಲ.

ಯಾವ ದ್ರವ?

ಇದರ ಉತ್ತರ ಅಂಗಡಿಯಲ್ಲಿಲ್ಲ, ಗಾಡಿಯ ಮಾಲೀಕರ ಕೈಪಿಡಿಯಲ್ಲಿದೆ ಅಥವಾ ಡಿಪ್‌ಸ್ಟಿಕ್ಕಿನ ಮೇಲೆಯೇ ಕೊರೆದಿರುತ್ತದೆ. ಕೆಂಪಗಿದ್ದರೆ ಸಾಕು ಎಂದುಕೊಳ್ಳಬೇಡಿ. ಕೆಂಪು ಬರೀ ಬಣ್ಣ. ಎಂಜಿನ್ ಆಯಿಲ್‌ನಿಂದ ಬೇರೆಯೆಂದು ಗುರುತಾಗಲಿ, ಸೋರಿದರೆ ಯಾವುದು ಸೋರಿತೆಂದು ತಿಳಿಯಲಿ ಎಂದು ಹಾಕುತ್ತಾರೆ. ಜನರಲ್ ಮೋಟರ್ಸ್ ಕಂಪನಿ 1949ರಲ್ಲಿ ‘ಟೈಪ್ ಎ’ ಎಂಬ ಮಾನದಂಡ ತಂದಾಗ ಆಯ್ಕೆ ಸುಲಭವಿತ್ತು. ಈಗ ಒಂದೊಂದು ಕಂಪನಿಗೆ ಒಂದೊಂದು: ಜನರಲ್ ಮೋಟರ್ಸ್‌ನದು ಡೆಕ್ಸ್ರಾನ್, ಟೊಯೊಟಾದ ಹಳೆಯ ಗೇರ್ ಬಾಕ್ಸುಗಳಿಗೆ ಟಿ-4, ಹೊಸವಕ್ಕೆ ಡಬ್ಲ್ಯೂಎಸ್, ಹೋಂಡಾದ್ದು ಮೊದಲು ಝಡ್-1, ಆಮೇಲೆ ಡಿಡಬ್ಲ್ಯೂ-1, ಹ್ಯುಂಡೈಯದು ಎಸ್‌ಪಿ-3, ಎಸ್‌ಪಿ-4.

ಇವುಗಳಲ್ಲಿ ವ್ಯತ್ಯಾಸ ಹೆಸರಿನದಷ್ಟೇ ಅಲ್ಲ. 100 ಡಿಗ್ರಿಯಲ್ಲಿ ಹಳೆಯ ಡೆಕ್ಸ್ರಾನ್-3ರ ಸ್ನಿಗ್ಧತೆ ಸುಮಾರು 7 ಸೆಂಟಿಸ್ಟೋಕ್ಸ್ ಅಥವಾ ಅದಕ್ಕೂ ತುಸು ಮೇಲೆ. ಡೆಕ್ಸ್ರಾನ್-6ರಲ್ಲಿ ಅದು 6.4ನ್ನು ಮೀರುವಂತಿಲ್ಲ. ತೆಳುವಾದರೆ ಪಂಪಿಗೆ ಶ್ರಮ ಕಡಿಮೆ, ಇಂಧನ ಉಳಿತಾಯ. ಹೊಸ ಗೇರ್ ಬಾಕ್ಸುಗಳ ಸಣ್ಣ ರಂಧ್ರಗಳನ್ನು ಆ ತೆಳುವಿಗೇ ಹೊಂದಿಸಿರುತ್ತಾರೆ. ಆದ್ದರಿಂದ ‘ಗಾಡಿ ಹಳೆಯದು, ದಪ್ಪದ ಆಯಿಲ್ ಹಾಕಿದರೆ ಒಳ್ಳೆಯದು’ ಎಂಬ ಎಂಜಿನ್ ಆಯಿಲ್‌ನ ತರ್ಕವನ್ನು ಇಲ್ಲಿಗೆ ತರಬೇಡಿ.

ಎಲ್ಲ ಗಾಡಿಗೂ ಆಗುತ್ತದೆಂಬ ದ್ರವಗಳೂ ಸಿಗುತ್ತವೆ. ಡಬ್ಬಿಯ ಹಿಂಬದಿ ಓದಿ. ‘ಈ ಮಾನದಂಡಕ್ಕೆ ಪರವಾನಗಿ ಪಡೆದಿದೆ’ ಎಂಬುದು ಒಂದು, ‘ಈ ಗಾಡಿಗಳಲ್ಲಿ ಬಳಸಲು ಸೂಕ್ತ’ ಎಂಬುದು ಇನ್ನೊಂದು. ಎರಡನೆಯದು ತಯಾರಕರ ಭರವಸೆ ಮಾತ್ರ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಹಳೆಯ ಗೇರ್ ಬಾಕ್ಸಿನಲ್ಲಿ ಪ್ರಯೋಗಕ್ಕೆ ಜಾಗ ಕಡಿಮೆ, ಕೈಪಿಡಿ ಹೇಳಿದ್ದನ್ನೇ ಬಿಲ್ ಸಮೇತ ಕೊಳ್ಳುವುದು ಲೇಸು. ‘ಹೈ ಮೈಲೇಜ್’ ಎಂದು ಬರೆದ ದ್ರವಗಳಲ್ಲಿ ಗಟ್ಟಿಯಾದ ರಬ್ಬರ್ ಸೀಲುಗಳನ್ನು ಮೆತ್ತಗಾಗಿಸಿ ಉಬ್ಬಿಸುವ ಅಂಶ ಹೆಚ್ಚಿರುತ್ತದೆ. ಸಣ್ಣಗೆ ಜಿನುಗುತ್ತಿರುವ ಗಾಡಿಗೆ ಅದರಿಂದ ಉಪಯೋಗವಾಗಬಹುದು, ಅದೂ ಮಾನದಂಡ ಹೊಂದಿದರೆ ಮಾತ್ರ.

ಎಷ್ಟು ಬದಲಿಸಬೇಕು?

ಗಣಿತ ಬರುವುದು ಇಲ್ಲಿ. ಡ್ರೈನ್ ಬೋಲ್ಟ್ ಬಿಚ್ಚಿದರೆ ಎಲ್ಲ ದ್ರವ ಹೊರಬರುವುದಿಲ್ಲ. ಟಾರ್ಕ್ ಕನ್ವರ್ಟರಿನಲ್ಲಿ, ಕೂಲರಿನಲ್ಲಿ, ಸಂದುಗಳಲ್ಲಿ ಬಹುಪಾಲು ಉಳಿಯುತ್ತದೆ. ಒಟ್ಟು 8 ಲೀಟರ್ ಇದ್ದು, ಒಮ್ಮೆಗೆ 3 ಲೀಟರ್ ಬರುತ್ತದೆಂದು ಇಟ್ಟುಕೊಳ್ಳೋಣ. 3 ಲೀಟರ್ ಹೊಸದು ಹಾಕಿ ಓಡಿಸಿದಾಗ ಎಲ್ಲ ಬೆರೆಯುತ್ತದೆ. ಹಳೆಯದರ ಪಾಲು ಈಗ 5/8, ಅಂದರೆ ಶೇ. 62.5. ಮತ್ತೊಮ್ಮೆ ಮಾಡಿದರೆ 5/8ರ ವರ್ಗ, ಶೇ. 39. ಮೂರನೆಯ ಸಲ ಶೇ. 24. ನಾಲ್ಕನೆಯ ಸಲ ಶೇ. 15. ಐದನೆಯ ಸಲಕ್ಕೆ ಶೇ. 10ಕ್ಕಿಂತ ಕಡಿಮೆ. ಪ್ರತಿ ಸಲವೂ ಅದೇ 3 ಲೀಟರಿನ ಖರ್ಚು, ಲಾಭ ಮಾತ್ರ ಇಳಿಯುತ್ತ ಹೋಗುತ್ತದೆ. ಅದಕ್ಕೇ ಮೂರು ಸಲ ಸಾಕು ಎನ್ನುವುದು ನನ್ನ ಲೆಕ್ಕ. ನಡುನಡುವೆ ಕೆಲವು ನೂರು ಕಿ.ಮೀ. ಓಡಿಸಬೇಕು. ಹಳೆಯ ಗಾಡಿಗೆ ಈ ನಿಧಾನದ ದಾರಿಯೇ ಹೊಂದುವುದು. ಕೊಳೆ ಬಿಡುವುದಿದ್ದರೂ ಸ್ವಲ್ಪಸ್ವಲ್ಪವೇ ಬಿಡುತ್ತದೆ, ಏನಾದರೂ ಬದಲಾವಣೆ ಕಂಡರೆ ನಿಲ್ಲಿಸಬಹುದು. ಕೂಲರಿನ ಪೈಪಿಗೆ ಯಂತ್ರ ಜೋಡಿಸಿ ಹಳೆಯದು ಹೋದಷ್ಟೇ ಹೊಸದು ತುಂಬಿಸುವ ವಿಧಾನದಲ್ಲಿ ಹೆಚ್ಚುಕಡಿಮೆ ಪೂರ್ತಿ ಒಮ್ಮೆಗೇ ಬದಲಾಗುತ್ತದೆ. ಅದು ಕೆಟ್ಟದ್ದೇನಲ್ಲ, ಕಾಲಕಾಲಕ್ಕೆ ಬದಲಿಸುತ್ತ ಬಂದ ಗಾಡಿಗೆ ಸರಿ.

ಆಮೇಲೆ ವರ್ಷಕ್ಕೊಮ್ಮೆ 3 ಲೀಟರ್ ಬದಲಿಸುತ್ತಿದ್ದರೆ ಏನಾಗುತ್ತದೆ? ಇದು ಅನಂತ ಗುಣೋತ್ತರ ಶ್ರೇಢಿ. ಹಲವು ವರ್ಷಗಳ ಬಳಿಕವೂ ಆಯಿಲ್ ಬದಲಿಸಿದ ದಿನ ದ್ರವದ ಸರಾಸರಿ ವಯಸ್ಸು 5/3, ಅಂದರೆ ಒಂದು ವರ್ಷ ಎಂಟು ತಿಂಗಳು ದಾಟುವುದಿಲ್ಲ. ಗಾಡಿಗೆ ಎಷ್ಟೇ ವಯಸ್ಸಾಗಲಿ, ದ್ರವ ಎಳೆಯದಾಗಿಯೇ ಇರುತ್ತದೆ.

ಕೆಲಸದ ಕ್ರಮ ಕೈಪಿಡಿಯಲ್ಲಿರುತ್ತದೆ, ಎರಡು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಮೊದಲನೆಯದು, ಹೊರಬಂದದ್ದನ್ನು ಅಳೆಯಿರಿ, ಅಷ್ಟನ್ನೇ ಒಳಗೆ ಹಾಕಿ. ಎರಡನೆಯದು, ಮಟ್ಟವನ್ನು ಕೈಪಿಡಿ ಹೇಳಿದ ಉಷ್ಣತೆಯಲ್ಲೇ ನೋಡಿ. ಡಿಪ್‌ಸ್ಟಿಕ್ ಇಲ್ಲದ ಹಲವು ಟೊಯೊಟಾಗಳಲ್ಲಿ ಇದು 40 ಡಿಗ್ರಿಯ ಆಸುಪಾಸು, ಡಿಪ್‌ಸ್ಟಿಕ್ ಇದ್ದವುಗಳಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಬಿಸಿಯಾದ ಮೇಲೆ. ಯಾಕಿಷ್ಟು ಕಟ್ಟುನಿಟ್ಟು? ಎಣ್ಣೆಯ ಗಾತ್ರ ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 0.0007. 8 ಲೀಟರ್ ದ್ರವ 40ರಿಂದ 90 ಡಿಗ್ರಿಗೆ ಏರಿದರೆ 8 × 0.0007 × 50, ಅಂದರೆ 0.28 ಲೀಟರ್ ಹಿಗ್ಗುತ್ತದೆ. ಒಂದು ಲೋಟದಷ್ಟು! ಬಿಸಿಯಲ್ಲಿ ನೋಡಬೇಕಾದ್ದನ್ನು ತಣ್ಣಗಿರುವಾಗ ನೋಡಿ ತುಂಬಿದರೆ ಜಾಸ್ತಿಯಾಗುತ್ತದೆ. ಜಾಸ್ತಿಯಾದರೆ ತಿರುಗುವ ಗೇರುಗಳು ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತವೆ. ಕಡಿಮೆಯಾದರೆ ಪಂಪು ಗಾಳಿಯನ್ನು ಹೀರುತ್ತದೆ. ಎರಡರಲ್ಲೂ ದ್ರವದೊಳಗೆ ಗಾಳಿ, ಆಗ ಪಾಸ್ಕಲ್ ಲೆಕ್ಕದ ಆ ಒಂದು ಟನ್ ಬಲ ಸಿಗದೆ ಕ್ಲಚ್ ಜಾರಿ ಸುಡುತ್ತದೆ.

ಪ್ಯಾನ್ ಬಿಚ್ಚುವಂತಿದ್ದರೆ ಫಿಲ್ಟರ್, ಪ್ಯಾಕಿಂಗ್ ಬದಲಿಸಿ, ಅಯಸ್ಕಾಂತ ಒರೆಸಿ. ಬರೀ ಜಾಕ್ ಮೇಲೆ ನಿಂತ ಕಾರಿನಡಿಗೆ ಯಾರೂ ಹೋಗಬಾರದು, ಸ್ಟ್ಯಾಂಡ್ ಬೇಕೇ ಬೇಕು. ಈಗಷ್ಟೇ ಓಡಿಸಿದ ಗಾಡಿಯ ದ್ರವ ಕೈ ಸುಡುತ್ತದೆ. ತೆಗೆದ ಹಳೆಯ ಆಯಿಲನ್ನು ಹಿತ್ತಿಲಿಗೋ ಚರಂಡಿಗೋ ಚೆಲ್ಲಬೇಡಿ. ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಇಳಿದು ಮನೆಯ ಬಾವಿಗೇ ಬರುತ್ತದೆ. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಡಬ್ಬಿಯಲ್ಲಿ ತುಂಬಿ, ಪರವಾನಗಿ ಇರುವವರಿಗೆ ಹಳೆಯ ಆಯಿಲ್ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಗಣಿತದವರಿಗೆ ಒಂದು ಲೆಕ್ಕ: ಒಂದು ಗೇರ್ ಬಾಕ್ಸಿನಲ್ಲಿ ಒಟ್ಟು 7 ಲೀಟರ್ ದ್ರವವಿದೆ, ಪ್ರತಿ ಸಲ 2.5 ಲೀಟರ್ ಮಾತ್ರ ಹೊರಬರುತ್ತದೆ. ಹಳೆಯ ದ್ರವದ ಪಾಲು ಶೇ. 20ಕ್ಕಿಂತ ಕಡಿಮೆಯಾಗಲು ಎಷ್ಟು ಸಲ ಬದಲಿಸಬೇಕು? ಲಾಗರಿದಮ್ ಬಳಸಿ ಬಿಡಿಸಿ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ತನ್ನಿ. ಲಾಗ್ ಇನ್ನೂ ಕಲಿಯದವರು ಒಂದು ಲೋಟ ಕಡುಚಹಾದಿಂದ ಚಮಚ ಅಳತೆಯಲ್ಲಿ ತೆಗೆದು ಅಷ್ಟೇ ನೀರು ಬೆರೆಸುತ್ತ, ಬಣ್ಣ ಹೇಗೆ ತಿಳಿಯಾಗುತ್ತದೆಂದು ನೋಡಬಹುದು.